ತಪ್ಪು ಹೇಳುವವಳು

ತಪ್ಪು ಉತ್ತರಗಳನ್ನು ಹುಡುಕಿಕೊಂಡು ನಾನು ಊರೂರು ಅಲೆದ ವರ್ಷ ಅದು. ಗೋಕಾಕದ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಗಣಿತ ಕಲಿಸಿದ ಮೇಲೆ ಪಿಎಚ್.ಡಿ. ಮಾಡುವ ಹುಚ್ಚು ಹತ್ತಿತ್ತು. ವಿಷಯ ಕೇಳಿದವರೆಲ್ಲ ನಗುತ್ತಿದ್ದರು. ಮಗು ತಪ್ಪು ಉತ್ತರ ಕೊಟ್ಟಾಗ ಶಿಕ್ಷಕರು ಏನು ಮಾಡುತ್ತಾರೆ, ಅದಾದ ಮೇಲೆ ಮಗು ಏನು ಮಾಡುತ್ತದೆ, ಇಷ್ಟೇ ನನ್ನ ಸಂಶೋಧನೆ. ನಮ್ಮ ಅತ್ತೆ ಅಂತೂ ರೊಟ್ಟಿ ಬಡಿಯುವುದು ನಿಲ್ಲಿಸಿ ಕೇಳಿದರು: "ತಪ್ಪ ಹುಡಕಾಕ ಅಷ್ಟ ದೂರ ಯಾಕ ಹೋಗ್ತಿ? ಮನ್ಯಾಗ ಕುಂತರೂ ನಿನಗ ಅದ ಕೆಲಸ ಅಲ್ಲೇನು?" ನನಗೆ ಸಿಟ್ಟು ಬೇಗ ಬರುತ್ತದೆ. ಅವತ್ತು ಊಟ ಮಾಡದೆ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟೆ, ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ತಿಂದೆ.

ಕೆಲಸದ ರೀತಿ ಹೇಳುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರಿಂದಲೇ ಆಯಿತು. ನನ್ನ ಮಾರ್ಗದರ್ಶಕರು ಶಿಕ್ಷಕರ ತರಬೇತಿ ಕಾಲೇಜಿನಿಂದ ನಿವೃತ್ತರಾಗಿ ಹುಕ್ಕೇರಿಯಲ್ಲಿದ್ದರು. ಎರಡು ವಾರಕ್ಕೊಮ್ಮೆ ಭಾನುವಾರ ಬಸ್ಸು ಹತ್ತಿ ಅವರ ಮನೆಗೆ ಹೋಗಬೇಕು. ನಾನು ಒಯ್ಯುತ್ತಿದ್ದ ಕರದಂಟು ಅವರ ಕಟ್ಟಿಸಿದ ಹಲ್ಲಿಗೆ ಆಗುತ್ತಿರಲಿಲ್ಲ, ಆದರೂ ಬೇಡ ಎನ್ನುತ್ತಿರಲಿಲ್ಲ. ಅವರು ಹಾಕಿಕೊಟ್ಟ ನಿಯಮ ಒಂದೇ. "ನೀ ಗ್ವಾಡಿ ಆಗಬೇಕವಾ. ಗ್ವಾಡಿ ಮ್ಯಾಲಿನ ಹಲ್ಲಿ ಅಲ್ಲ, ಬರೇ ಗ್ವಾಡಿ. ನಗಬಾರದು, ತಲಿ ಅಲ್ಲಾಡಸಬಾರದು, ನೀ ಅಲ್ಲಿ ಅದೀ ಅಂತ ಯಾರಿಗೂ ಅನಸಬಾರದು." ಹಿಂದಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂಡುವುದು. ತಪ್ಪು ಉತ್ತರ ಬಂದ ಕೂಡಲೇ ಅಚ್ಚು ಹಾಕಿಸಿದ ಹಾಳೆಯಲ್ಲಿ ಬರೆಯುವುದು: ಪ್ರಶ್ನೆ ಯಾವುದು, ಮಗು ಏನೆಂದಿತು, ಶಿಕ್ಷಕರು ಏನೆಂದರು, ಮಗುವಿನ ಮುಖ ಹೇಗಾಯಿತು. ಮಕ್ಕಳ ಹೆಸರು ಬರೆಯುವಂತಿಲ್ಲ, ನಂಬರು ಮಾತ್ರ. ಜೊತೆಗೆ ಮೊಬೈಲಿನಲ್ಲಿ ಧ್ವನಿ ರೆಕಾರ್ಡು.

ಮೂರು ಶಾಲೆ ಆರಿಸಿಕೊಂಡಿದ್ದೆ. ಕೌಜಲಗಿ ಕಡೆ ಒಂದು, ತುಕ್ಕಾನಟ್ಟಿ ಕಡೆ ಒಂದು. ಎರಡರಲ್ಲೂ ಐದನೇ ತರಗತಿಯ ಮಕ್ಕಳ ಗದ್ದಲವೋ ಗದ್ದಲ. ಒಂದು ಪ್ರಶ್ನೆಗೆ ಹತ್ತು ಕಡೆಯಿಂದ ಹನ್ನೆರಡು ಉತ್ತರ ಹಾರಿಬರುತ್ತಿದ್ದವು. ಯಾವುದನ್ನು ಬರೆಯಲಿ, ಯಾವುದನ್ನು ಬಿಡಲಿ? ಸಂಜೆ ಹಾಳೆ ನೋಡಿದರೆ ನನಗೇ ನನ್ನ ಅಕ್ಷರ ತಿಳಿಯುತ್ತಿರಲಿಲ್ಲ. ಇಂಥ ಸಂಶೋಧನೆ ಹಾಳು ಬಾವಿಗೆ ಬೀಳಲಿ ಎಂದು ಎಷ್ಟು ಸಲ ಬಸ್ಸಿನಲ್ಲಿ ಕೂತು ಗೊಣಗಿದ್ದೇನೋ.

ಮೂರನೆಯ ಶಾಲೆಯ ಊರಿನ ಹೆಸರು ಹೇಳುವುದಿಲ್ಲ. ಮೂಡಲಗಿಯಿಂದ ಕುಲಗೋಡದ ಬಸ್ಸು ಹತ್ತಿ ನಡುವೆ ಇಳಿದು, ಕಬ್ಬಿನ ಹೊಲಗಳ ನಡುವಿನ ದಾರಿಯಲ್ಲಿ ಅರ್ಧ ತಾಸು ನಡೆಯಬೇಕು. ಎರಡೂ ಕಡೆ ಆಳೆತ್ತರದ ಕಬ್ಬು. ಮಧ್ಯಾಹ್ನದ ಬಿಸಿಲಿನಲ್ಲೂ ಆ ದಾರಿಯಲ್ಲಿ ನನ್ನ ಹಿಂದೆ ಯಾರೋ ಬರುತ್ತಿದ್ದಾರೆ ಅನ್ನಿಸುತ್ತಿತ್ತು. ನಿಂತು ತಿರುಗಿದರೆ ಬರೀ ಗರಿಗಳ ಸದ್ದು. ಎರಡು ಕೋಣೆಯ ಶಾಲೆ, ಐದನೇ ತರಗತಿಯವರೆಗೆ ಮಾತ್ರ. ನಾನು ನೋಡಬೇಕಾದ ತರಗತಿಯಲ್ಲಿ ಇಪ್ಪತ್ತೆರಡು ಮಕ್ಕಳು, ಐವತ್ತು ದಾಟಿದ ಒಬ್ಬ ಮಾಸ್ತರು. ಮೊದಲ ದಿನ ಬಾಗಿಲಲ್ಲಿ ನಿಂತಾಗಲೇ ನನಗೆ ವಿಚಿತ್ರವೆನಿಸಿತ್ತು. ಅಷ್ಟು ಮಕ್ಕಳಿದ್ದ ಕೋಣೆಯಲ್ಲಿ ಫ್ಯಾನಿನ ಕಿರ್ರು ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

ಆದರೆ ಪಾಠವೆಂದರೆ ಪಾಠ! ಮಾಸ್ತರು ಒಂದು ಪ್ರಶ್ನೆ ಕೇಳುವುದು, ಒಬ್ಬರು ಎದ್ದು ಉತ್ತರ ಹೇಳುವುದು. ಮೂರನೆಯ ಭೇಟಿಯಿಂದ ತಪ್ಪು ಉತ್ತರಗಳೂ ಬರತೊಡಗಿದವು, ಒಂದಾದ ಮೇಲೊಂದು, ನನಗೆ ಬರೆಯಲು ಬಿಡುವು ಸಿಗುವ ಹಾಗೆ. ಬಹಳಷ್ಟು ತಪ್ಪು ಹೇಳುತ್ತಿದ್ದವಳು ಒಬ್ಬಳೇ ಹುಡುಗಿ. ನನ್ನ ಹಾಳೆಯಲ್ಲಿ ಅವಳ ನಂಬರು ಏಳು. ಎಣ್ಣೆ ಹಚ್ಚಿ ಬಿಗಿಯಾಗಿ ಹಾಕಿದ ಎರಡು ಜಡೆ, ಮೊಣಕೈ ಹತ್ತಿರ ಹೊಲಿಗೆ ಹಾಕಿದ ಅಂಗಿ. ಮೂರನೇ ಒಂದು ಭಾಗ ದೊಡ್ಡದೋ, ನಾಲ್ಕನೇ ಒಂದು ಭಾಗ ದೊಡ್ಡದೋ ಎಂದು ಮಾಸ್ತರು ಕೇಳಿದರು. ಅವಳು ಎದ್ದು ಗಟ್ಟಿ ದನಿಯಲ್ಲಿ ಹೇಳಿದಳು: "ನಾಕನೇದ್ದು ದೊಡ್ಡದ್ರಿ ಸರ್. ಮೂರಕ್ಕಿಂತ ನಾಕು ದೊಡ್ಡದಲ್ರಿ?" ಮಾಸ್ತರು ಬೈಯಲಿಲ್ಲ. ತಮ್ಮ ಡಬ್ಬಿ ತೆರೆದು ಜೋಳದ ರೊಟ್ಟಿ ತೆಗೆದು ಒಂದನ್ನು ಮೂರು ಪಾಲು, ಇನ್ನೊಂದನ್ನು ನಾಲ್ಕು ಪಾಲು ಮುರಿದು ಅವಳ ಕೈಗೆ ಕೊಟ್ಟರು. "ಹಸಿವಾಗೇತಿ, ಯಾವ ತುಣುಕ ತಗೋತಿ?" ಅವಳು ಮುಖ ಅರಳಿಸಿ ದೊಡ್ಡ ತುಣುಕು ತೋರಿಸಿದಳು. ನನಗೆ ಕಣ್ಣಲ್ಲಿ ನೀರೇ ಬಂತು. ಗೋಡೆ ಆಗಬೇಕಾದವಳು ಮೂಗು ಒರೆಸಿಕೊಳ್ಳುತ್ತಾ ಬರೆದೆ.

ಹುಕ್ಕೇರಿಯಲ್ಲಿ ಗುರುಗಳು ಆ ಹಾಳೆಗಳನ್ನು ಓದಿ ಕನ್ನಡಕ ತೆಗೆದಿಟ್ಟರು. "ಇದು ಬಂಗಾರ ಐತಿ. ಉಳದ ಎರಡೂ ಸಾಲಿ ಹೆಂಗರ ಇರ್ಲಿ, ಈ ಸಾಲಿ ಬಿಡಬ್ಯಾಡ." ಬಿಡುವುದೇ? ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಐದು ತಿಂಗಳು ಆ ಕಬ್ಬಿನ ದಾರಿ ತುಳಿದೆ. ಆ ಹುಡುಗಿಯ ತಪ್ಪುಗಳ ಮೇಲೆ ನನ್ನ ಪ್ರಬಂಧದ ಒಂದು ಇಡೀ ಅಧ್ಯಾಯ ನಿಂತಿತ್ತು. ಪಾಪ, ದಡ್ಡ ಹುಡುಗಿ, ಆದರೆ ಎಂಥ ಚೆಂದದ ತಪ್ಪು ಹೇಳುತ್ತಾಳೆ ಎಂದು ಪ್ರೀತಿಯೂ ಬಂದಿತ್ತು.

ಮೊಬೈಲಿನಲ್ಲಿ ಜಾಗ ಸಾಲುತ್ತಿರಲಿಲ್ಲ. ಅದಕ್ಕೆ ಮನೆಗೆ ಬಂದ ಮೇಲೆ ತಪ್ಪು ಉತ್ತರದ ಹಿಂದುಮುಂದಿನ ಒಂದೆರಡು ನಿಮಿಷ ಕತ್ತರಿಸಿ ಇಟ್ಟುಕೊಂಡು ಉಳಿದದ್ದನ್ನು ಅಳಿಸಿಬಿಡುತ್ತಿದ್ದೆ. ಡಿಸೆಂಬರಿನ ಒಂದು ಮಧ್ಯಾಹ್ನ ಅಂಥ ತುಣುಕುಗಳನ್ನೆಲ್ಲ ಸಾಲಾಗಿ ಕೇಳುತ್ತಾ ಅಕ್ಷರಕ್ಕಿಳಿಸಲು ಕೂತೆ. ಕಿವಿಗೆ ಇಯರ್‌ಫೋನು, ಎದುರಿಗೆ ಚಹಾ. ಹುಡುಗಿ ತಪ್ಪು ಹೇಳುತ್ತಾಳೆ. ಆಮೇಲೆ ಮೌನ. ಆ ಮೌನದಲ್ಲಿ ಏನೋ ಸರಬರ ಸದ್ದು. ಸದ್ದು ನಿಂತ ಮೇಲೆ ಮಾಸ್ತರು ಮಾತಾಡುತ್ತಾರೆ. ಮುಂದಿನ ತುಣುಕಿನಲ್ಲೂ ಹಾಗೆಯೇ. ಅದರ ಮುಂದಿನದರಲ್ಲೂ. ಇಲಿಯೇ, ಕಾಗದವೇ ಎಂದು ಮತ್ತೆ ಮತ್ತೆ ಹಿಂದೆ ಎಳೆದು ಕೇಳಿದೆ. ಐದಾರು ಸಲ ಕೇಳಿದ ಮೇಲೆ ತಿಳಿಯಿತು. ಅದು ನನ್ನ ಪೆನ್ನಿನ ಸದ್ದು.

ಕೌಜಲಗಿ ಕಡೆಯ ತುಣುಕು ಹಾಕಿ ನೋಡಿದೆ, ಅಲ್ಲಿ ಪೆನ್ನಿನ ಸದ್ದು ಗದ್ದಲದಲ್ಲಿ ಮುಳುಗಿತ್ತು. ಇಲ್ಲಿ ಮಾತ್ರ ಇಪ್ಪತ್ತೆರಡು ಮಕ್ಕಳು, ಒಬ್ಬ ಮಾಸ್ತರು, ಎಲ್ಲರೂ ಉಸಿರು ಬಿಗಿಹಿಡಿದು ನಾನು ಬರೆದು ಮುಗಿಸುವುದನ್ನು ಕಾಯುತ್ತಿದ್ದರು. ಒಂದು ದಿನ ನಾನು ಉದ್ದ ಬರೆದಿದ್ದೆನೇನೋ, ಮೌನವೂ ಉದ್ದ. ಇನ್ನೊಂದು ದಿನ ಒಂದೇ ಸಾಲು, ಮೌನ ಚಿಕ್ಕದು. ಒಬ್ಬರೂ ಕೆಮ್ಮಿರಲಿಲ್ಲ. ಇಯರ್‌ಫೋನು ಕಿತ್ತು ಅಡುಗೆಮನೆಗೆ ಹೋಗಿ ಅತ್ತೆಯ ಪಕ್ಕ ನಿಂತುಕೊಂಡೆ. "ಏನಾತು, ಮುಖ ಹಿಂಗ್ಯಾಕಾಗೇತಿ?" ಎಂದರು. ಏನೂ ಇಲ್ಲ ಎಂದೆ.

ಮರುದಿನ ಗುರುವಾರ, ನಾನು ಹೋಗುವ ದಿನವಲ್ಲ. ಯಾರಿಗೂ ಹೇಳದೆ ಹೋದೆ. ಕಬ್ಬಿನ ದಾರಿಯಲ್ಲಿ ಯಾಕೋ ಚಪ್ಪಲಿ ಸದ್ದು ಮಾಡದಂತೆ ನಡೆಯುತ್ತಿದ್ದೆ. ಶಾಲೆಯ ಹಿಂದಿನಿಂದ ಬಂದು ಕಿಟಕಿಯ ಸರಳಿನ ನಡುವೆ ಇಣುಕಿದೆ. ಮೂಲೆಯ ಕುರ್ಚಿಯಲ್ಲಿ ನಾನು ಕೂತಿದ್ದೆ.

ಒಂದು ಗಳಿಗೆ ನನಗೆ ಹಾಗೆಯೇ ಕಂಡಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ನೋಡಿದರೆ ಒಬ್ಬ ಪುಟ್ಟ ಹುಡುಗಿ. ಹೆಗಲಿಗೆ ಬಟ್ಟೆಯ ಚೀಲ, ಮೂಗಿನ ಮೇಲೆ ತಂತಿ ಬಗ್ಗಿಸಿ ಮಾಡಿದ ಕನ್ನಡಕ, ತೊಡೆಯ ಮೇಲೆ ರಟ್ಟು ಇಟ್ಟ ಹಾಳೆ. ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಕುತ್ತಿಗೆ ಎಡಕ್ಕೆ ವಾಲಿತ್ತು. ನನ್ನ ಕುತ್ತಿಗೆ ಎಡಕ್ಕೆ ವಾಲುತ್ತದೆ ಎಂದು ಅವತ್ತಿನವರೆಗೆ ನನಗೇ ಗೊತ್ತಿರಲಿಲ್ಲ. ಎಲ್ಲ ಮಕ್ಕಳೂ ಕೈಕಟ್ಟಿ ಕೂತಿದ್ದರು. ಮಾಸ್ತರು ಪ್ರಶ್ನೆ ಕೇಳಿದರು. ನಂಬರು ಏಳು ಎದ್ದು ಗಟ್ಟಿ ದನಿಯಲ್ಲಿ ತಪ್ಪು ಹೇಳಿದಳು. ಕುರ್ಚಿಯಲ್ಲಿದ್ದವಳು ಬಗ್ಗಿ ಸರಸರ ಬರೆದಳು. ಕೋಣೆ ಕಾಯಿತು. ಅವಳು ಬರೆದು ಮುಗಿಸಿ, ನಾನು ಆಡಿಸಬಾರದೆಂದುಕೊಂಡೂ ಆಡಿಸುತ್ತಿದ್ದ ಹಾಗೆ, ಸಣ್ಣಗೆ ತಲೆಯಾಡಿಸಿದಳು. ಆಗ ಮಾಸ್ತರು ಮಾತು ಮುಂದುವರಿಸಿದರು.

ಓಡಿಹೋಗಬೇಕು ಅನ್ನಿಸಿತು, ಆದರೆ ಕಾಲುಗಳು ಬಾಗಿಲ ಕಡೆಗೆ ನಡೆದವು. ನನ್ನನ್ನು ನೋಡಿ ಮಾಸ್ತರು ಗಾಬರಿಯಾಗಲಿಲ್ಲ. "ಬರ್ರಿ ಅಕ್ಕೋರ. ಇವತ್ತ ನಿಮ್ಮ ದಿನ ಅಲ್ಲಲ್ರಿ?" ಎಂದರು. ಪುಟ್ಟ ಹುಡುಗಿ ತಂತಿಯ ಕನ್ನಡಕ ತೆಗೆದು ಎದ್ದು ನನಗೆ ಜಾಗ ಬಿಟ್ಟಳು. ಏನು ಮಾಡಬೇಕೆಂದು ತೋಚದೆ ಕೂತೆ. ಕುರ್ಚಿ ಬೆಚ್ಚಗಿತ್ತು.

ಊಟದ ಹೊತ್ತಿಗೆ ಕಟ್ಟೆಯ ಮೇಲೆ ಮಾಸ್ತರನ್ನು ಹಿಡಿದು ಕೂಡಿಸಿದೆ. ನನ್ನ ದನಿ ಏರಿತ್ತು. ಅವರು ಮಾತ್ರ ತಣ್ಣಗೆ ರೊಟ್ಟಿಗೆ ಚಟ್ನಿಹಿಂಡಿ ಹಚ್ಚಿಕೊಳ್ಳುತ್ತಾ ಹೇಳಿದರು.

"ಇದು ಇವತ್ತಿಂದಲ್ರಿ ಅಕ್ಕೋರ. ತಪಾಸಣಿಗೆ ಸಾಹೇಬ್ರು ಬಂದಾಗ ಎಲ್ಲಾ ಹುಡುಗ್ರೂ ಬರೋಬರಿ ಹೇಳಿದ್ರ ಅವರು ನಂಬಂಗಿಲ್ರಿ, ಬಾಯಿಪಾಠ ಮಾಡಿಸೀರಿ ಅಂತಾರ. ಅದಕ್ಕ ಒಬ್ಬರು ತಪ್ಪ ಹೇಳಬೇಕು. ತಪ್ಪ ಹೇಳೂವರನ್ನ ಇಟ್ಟಿರತೀವ್ರಿ."

"ದಡ್ಡ ಮಕ್ಕಳನ್ನ?"

ಅವರು ನಕ್ಕರು. "ಅಯ್ಯ, ದಡ್ಡರ ಕೈಯಾಗ ಆ ಕೆಲಸ ಕೊಡಾಕ ಬರತೈತೇನ್ರಿ? ಅವು ಎಲ್ಲಿ ತಪ್ಪತಾವ ಅಂತ ನಂಬಿಗೀನ ಇಲ್ಲ. ಎಲ್ಲಿ ಎಷ್ಟು ತಪ್ಪಬೇಕು ಅಂತ ತಿಳಿಯೂದು ಬಾಳ ಶಾಣ್ಯಾ ಹುಡುಗ್ರಿಗಷ್ಟರಿ. ನಾ ಸಣ್ಣಾವ ಇದ್ದಾಗ ಇದ ಸಾಲ್ಯಾಗ ನಾನ ತಪ್ಪ ಹೇಳಾಂವ ಇದ್ದೆ. ಸಾಹೇಬ್ರು ಹ್ವಾದ ಮ್ಯಾಲ ನಮ್ಮ ಮಾಸ್ತರು ಬೆನ್ನ ತಟ್ಟಿ ಬೆಲ್ಲ ಕೊಡ್ತಿದ್ರು."

ಏಳನೇ ನಂಬರಿನ ಹುಡುಗಿ ಆ ಶಾಲೆಗೆಲ್ಲ ಜಾಣೆಯಂತೆ. ಇನ್ನು ಆರು ವಾರಕ್ಕೆ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಇತ್ತು. ಅದರಲ್ಲಿ ಪಾಸಾದರೆ ಆರನೇ ತರಗತಿಯಿಂದ ಅಲ್ಲೇ ಊಟ, ಅಲ್ಲೇ ಓದು. ಆಗದಿದ್ದರೆ ಮುಂದಿನ ಶಾಲೆ ಬಸ್ಸಿನ ದಾರಿಯಾಚೆಯ ಊರಲ್ಲಿ. ಕಬ್ಬಿನ ನಡುವೆ ಹುಡುಗಿಯೊಬ್ಬಳನ್ನೇ ದಿನಾ ಕಳಿಸಲು ಅವಳಪ್ಪ ಒಪ್ಪುವವನಲ್ಲ, ತಾಯಿಯ ಜೊತೆ ಹೊಲದ ಕೂಲಿಗೆ ಹೋಗುತ್ತಾಳೆ, ಅಷ್ಟೇ. "ಆಕೀದು ಸೀಟ ಗ್ಯಾರಂಟಿ ಐತ್ರಿ. ನಾ ಬರದ ಕೊಡ್ತೇನಿ ಬೇಕಾರ" ಎಂದರು ಮಾಸ್ತರು.

ನನಗೆ ಯಾಕೋ ಸಮಾಧಾನವಾಗಲಿಲ್ಲ. ತಪಾಸಣೆ ವರ್ಷಕ್ಕೆ ಒಂದು ದಿನದ್ದು. ನಾನು ಬಂದದ್ದು ಐದು ತಿಂಗಳು, ವಾರಕ್ಕೆರಡು ಸಲ. ಜೊತೆಗೆ ನಾನು ಬಾರದ ದಿನಗಳ ತಾಲೀಮು ಬೇರೆ. "ಈಗ ಆಕೀನ್ನ ಕರೀರಿ. ಖರೆ ಉತ್ತರ ಕೇಳ್ರಿ" ಎಂದೆ.

ಹುಡುಗಿ ಕೈ ತೊಳೆದುಕೊಂಡು ಬಂದು ನಿಂತಳು. "ತಂಗಿ, ಮೂರನೇ ಒಂದು ಭಾಗ ದೊಡ್ಡದೋ, ನಾಕನೇ ಒಂದು ಭಾಗ ದೊಡ್ಡದೋ?" ಎಂದರು ಮಾಸ್ತರು. "ನಾಕನೇದ್ದು ದೊಡ್ಡದ್ರಿ ಸರ್" ಎಂದಳು. ಹೇಳಿ ನನ್ನ ಬಲಗೈ ನೋಡಿದಳು. ಮಾಸ್ತರು ನಕ್ಕು, "ಏ, ಈಗ ಆಟ ಮುಗದೈತಿ. ಖರೇದ ಹೇಳು" ಎಂದರು. ಅವಳು ಮತ್ತೆ ಅದನ್ನೇ ಹೇಳಿದಳು. ಮತ್ತೆ ನನ್ನ ಕೈ ನೋಡಿದಳು, ತಾಳ್ಮೆಯಿಂದ, ಬಸ್ಸಿಗೆ ಕಾಯುವವರ ಹಾಗೆ. ಎಂಟು ಆರಲೆ ಎಷ್ಟು? ತಪ್ಪು. ಕೈ. ವಾರಕ್ಕೆ ಎಷ್ಟು ದಿನ? "ಎಂಟ್ರಿ." ಕೈ. ಮಾಸ್ತರ ನಗು ಅಲ್ಲಿಗೆ ನಿಂತಿತು. ಅವರ ಬಾಯಲ್ಲಿದ್ದ ತುತ್ತು ಹಾಗೆಯೇ ಇತ್ತು.

ನಾನು ಇನ್ನು ಬರಬಾರದೆಂದು ಮಾತಾಯಿತು. ಗುರುಗಳಿಗೆ ಫೋನು ಮಾಡಿ ಹೇಳಿದೆ, ಅವರು ನಿಟ್ಟುಸಿರು ಬಿಟ್ಟು, "ಆ ಸಾಲಿ ತಗದ ಒಗೀ ಪ್ರಬಂಧದಾಗಿಂದ" ಎಂದರು. "ಸಾಲಿ ಒಗೀತೇನ್ರಿ ಸರ್, ಆ ಹುಡುಗೀನ್ನ ಎಲ್ಲಿ ಒಗೀಲಿ?" ಎಂದು ಕೂಗಿ ಫೋನಿಟ್ಟೆ. ಜೀವಮಾನದಲ್ಲಿ ಅವರ ಮೇಲೆ ದನಿ ಏರಿಸಿದ್ದು ಅದೊಂದೇ ಸಲ.

ಹತ್ತು ದಿನಕ್ಕೆ ಮಾಸ್ತರ ಫೋನು ಬಂತು. "ಕುರ್ಚಿ ತಗದೇನ್ರಿ ಅಕ್ಕೋರ. ಆದ್ರೂ ತಪ್ಪ ಹೇಳಿ ಆ ಮೂಲಿ ನೋಡ್ತಾಳ್ರಿ. ಬರೇ ಗ್ವಾಡಿ ಐತಿ ಅಲ್ಲಿ. ಉಳದ ಹುಡುಗ್ರೂ ನೋಡ್ತಾವು. ನನಗೂ ಒಮ್ಮೊಮ್ಮಿ ಸದ್ದ ಕೇಳಿದಂಗ ಆಗತೈತ್ರಿ." ಆ ಮನುಷ್ಯ ತಮಾಷೆ ಮಾಡುತ್ತಿರಲಿಲ್ಲ.

ಅವಳ ಮನೆಗೆ ಹೋದೆ. ಊರ ಅಂಚಿನಲ್ಲಿ ತಗಡಿನ ಮನೆ, ಗೂಡಿನಲ್ಲಿ ಬುದ್ಧನ ಚಿಕ್ಕ ಮೂರ್ತಿ, ಅದರ ಮುಂದೆ ಮಗಳ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಿದ್ದರು. ತಾಯಿ ಹೊಲದಿಂದ ಆಗಷ್ಟೇ ಬಂದಿದ್ದಳು, ಕೈಯೆಲ್ಲ ಕಬ್ಬಿನ ಗರಿಯ ಗೀರು. ನನಗೆ ಚಹಾ ಕೊಟ್ಟು ಎದುರು ಕೂತು ಮೆಲ್ಲಗೆ ಹೇಳಿದಳು: "ದೆವ್ವ, ದೃಷ್ಟಿ ಅಂತ ನಾವೇನೂ ನಂಬಂಗಿಲ್ರಿ ಅಕ್ಕೋರ. ಆದ್ರ ಹುಡುಗಿ ಖರೇನ ಹೆಂಗೋ ಆಗೇತಿ. ಎಷ್ಟ ರೊಟ್ಟಿ ಅದಾವು ನೋಡವ್ವ ಅಂದ್ರ, ಬುಟ್ಟ್ಯಾಗ ಐದು ಇದ್ರ ಏಳು ಅಂತೈತಿ. ಅಂದು ಸುಮ್ನ ಕುಂದರತೈತಿ, ಯಾರೋ ಏನೋ ಮಾಡಾವ್ರು ಅದಾರ ಅನ್ನೂವಂಗ. ನಾ ಅತ್ತಿತ್ತ ನೋಡ್ತೇನಿ, ಯಾರೂ ಇರಂಗಿಲ್ಲ."

ಹುಡುಗಿ ಹೊಸ್ತಿಲಲ್ಲಿ ಕೂತು ನಗುತ್ತಿದ್ದಳು. ಅವಳಿಗೆ ನನ್ನನ್ನು ನೋಡಿ ಬಹಳ ಖುಷಿಯಾಗಿತ್ತು, ಅದೇ ನನ್ನನ್ನು ಚುಚ್ಚಿತು. ನಾನು ಪೆನ್ನನ್ನು ಬ್ಯಾಗಿನೊಳಗೆ ಹಾಕಿ ಜಿಪ್ಪು ಎಳೆದು, ಎರಡೂ ಕೈಗಳ ಮೇಲೆ ಕೂತು ಒಂದು ತಾಸು ಅವಳೊಂದಿಗೆ ಲೆಕ್ಕ ಮಾಡಿದೆ. ಅವಳು ತಪ್ಪು ಹೇಳಿ ಬ್ಯಾಗು ನೋಡುತ್ತಿದ್ದಳು. ಆಮೇಲೂ ನಾಲ್ಕು ಸಲ ಹೋದೆ. ಬೇಡಿಕೊಂಡೆ, ಗದರಿಸಿದೆ, ಒಮ್ಮೆ ಅತ್ತೂಬಿಟ್ಟೆ. ನಾನು ಅತ್ತಾಗ ಅವಳು ಗಾಬರಿಯಾಗಿ ಇನ್ನೂ ಗಟ್ಟಿಯಾಗಿ ಇನ್ನೊಂದು ತಪ್ಪು ಹೇಳಿದಳು.

ಪರೀಕ್ಷೆ ಮೂಡಲಗಿಯಲ್ಲಿ. ಬೆಳಗ್ಗೆ ತಾಯಿ, ಮಾಸ್ತರು, ನಾನು ಮೂವರೂ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆವು. ಉಳಿದ ಮಕ್ಕಳ ತಂದೆತಾಯಿಗಳು ಬಾಳೆಹಣ್ಣು ತಿನ್ನುತ್ತಾ ಹರಟೆ ಹೊಡೆಯುತ್ತಿದ್ದರು, ನಾವು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮಧ್ಯಾಹ್ನ ಅವಳು ಎಲ್ಲರಿಗಿಂತ ಮೊದಲು ಹೊರಗೆ ಓಡಿಬಂದಳು. ಮುಖ ಅರಳಿತ್ತು. "ಎಲ್ಲಾ ಬರದೇನ್ರಿ ಸರ್, ಒಂದೂ ಬಿಟ್ಟಿಲ್ಲ! ಹಿಂದ ಒಬ್ರು ಅಕ್ಕೋರು ಕುರ್ಚಿ ಹಾಕ್ಕೊಂಡ ಕುಂತಿದ್ರಿ. ಪೆನ್ನ ಹಿಡಕೊಂಡ ಬರ್ಕೊಳ್ಳಾಕತ್ತಿದ್ರು."

ಪ್ರಶ್ನೆಪತ್ರಿಕೆ ಅವಳ ಕೈಯಲ್ಲಿತ್ತು. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ, ಸರಿಯಾದುದರ ಎದುರಿನ ಗುಂಡು ಸೊನ್ನೆ ಕಪ್ಪು ಮಾಡಬೇಕು. ತಾನು ಯಾವುದನ್ನು ಕಪ್ಪು ಮಾಡಿದೆನೆಂದು ಅವಳಿಗೆ ಒಂದೊಂದೂ ನೆನಪಿತ್ತು, ಬೆರಳಿಟ್ಟು ತೋರಿಸುತ್ತಾ ಹೋದಳು. ಮಾಸ್ತರು ಮೊದಲ ಪುಟಕ್ಕೇ ಮುಖ ತಿರುಗಿಸಿದರು. ನಾನು ಕೊನೆಯ ಪುಟದವರೆಗೂ ನೋಡಿದೆ. ಗಣಿತ, ಕನ್ನಡ, ಪರಿಸರ, ಎಲ್ಲ ತಪ್ಪು. ಒಂದೂ ಸರಿಯಿರಲಿಲ್ಲ. ಏನೂ ಬಾರದ ಮಗು ಕಣ್ಣುಮುಚ್ಚಿ ಗುಂಡು ತುಂಬಿದರೂ ನಾಲ್ಕರಲ್ಲೊಂದು ಸರಿ ಬಿದ್ದೇ ಬೀಳುತ್ತದೆ. ಪ್ರತಿಯೊಂದನ್ನೂ ತಪ್ಪಿಸಬೇಕಾದರೆ ಪ್ರತಿಯೊಂದೂ ಗೊತ್ತಿರಬೇಕು. ಹದಿನೆಂಟು ವರ್ಷ ಗಣಿತ ಕಲಿಸಿದವಳು ನಾನು, ಅಷ್ಟು ತಿಳಿದು ತುಂಬಿದ ಉತ್ತರಪತ್ರಿಕೆ ನೋಡಿರಲಿಲ್ಲ.

ಆಯ್ಕೆಯ ಪಟ್ಟಿಯಲ್ಲಿ ಅವಳ ನಂಬರು ಇರಲಿಲ್ಲ. ಇರುವುದಿಲ್ಲವೆಂದು ಗೊತ್ತಿದ್ದೂ ಮೂರು ಸಲ ಹುಡುಕಿದೆ.

ಬೇಸಿಗೆಯ ಒಂದು ಸಂಜೆ ಕೊನೆಯ ಸಲ ಅವರ ಮನೆಗೆ ಹೋದೆ. ಹುಕ್ಕೇರಿಯಿಂದ ನೇರ ಬಂದಿದ್ದೆ, ಗುರುಗಳಿಗೆ ತೋರಿಸಿದ್ದ ಹಾಳೆಗಳೆಲ್ಲ ಬ್ಯಾಗಿನಲ್ಲೇ ಇದ್ದವು. ಅಪ್ಪ ಟ್ರ್ಯಾಕ್ಟರಿನ ಮೇಲೆ ಹೋಗಿದ್ದ. ತಾಯಿ ಒಲೆಯ ಮುಂದಿದ್ದಳು, ಹುಡುಗಿ ಪಕ್ಕದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ನಾನು ಹೇಳಲಿಕ್ಕೆ ಬಂದದ್ದನ್ನು ಹೇಳಿದೆ. ಇವಳನ್ನು ಸಾಲಿ ಬಿಡಿಸಬೇಡ. ಇವಳಷ್ಟು ಶಾಣ್ಯಾ ಹುಡುಗಿಯನ್ನು ನಾನು ನೋಡಿಲ್ಲ. ಎಲ್ಲ ತಪ್ಪು ಬರೆಯಬೇಕಾದರೆ ಎಲ್ಲ ಬಲ್ಲವಳೇ ಬೇಕು.

ತಾಯಿ ಒಲೆಯ ಕಟ್ಟಿಗೆ ಹಿಂದೆ ಎಳೆದಳು. "ನನಗ ತಿಳೀತೈತ್ರಿ ಅಕ್ಕೋರ. ಅವರಪ್ಪಗ ತಿಳಿಯಂಗಿಲ್ಲ. ಮಾಸ್ತರ ಮಾತ ಕೇಳಿ ಪರೀಕ್ಷಾಕ ಕಳಿಸಿದ್ವಿ, ಹಿಂಗಾತು. ಇನ್ನ ಅವರ ಮಾತ ನಂಬಂಗಿಲ್ಲ ಅಂತಾನು. ದಡ್ಡ ಹುಡುಗೀನ ಬಸ್ಸಿಗೆ ಕಳಿಸಿ ಏನ ಮಾಡೂದು ಅಂತಾನು."

"ನಾ ಬರದ ಕೊಡ್ತೇನಿ."

"ಈಗ ಬರದ ಕೊಟ್ಟರ ದಯಾ ಮಾಡಿ ಬರದಾರು ಅಂತಾನ್ರಿ. ನೀವು ಐದು ತಿಂಗಳ ನೋಡಿ ನೋಡಿ ಬರ್ಕೊಂಡೀರಲ್ಲ, ಅದರಾಗ ಆಕಿ ಖರೆ ಹೇಳಿದ್ದು ಒಂದೆರಡ ಇರತಾವಲ್ರಿ? ಅದನ್ನ ತೋರಸ್ರಿ. ಆವಾಗಿಂದು ತೋರಿಸಿದ್ರ ನಂಬತಾನು. ಬಸ್ಸಿಗೆ ಹೂಂ ಅಂತಾನು, ನಾ ಒಪ್ಪಸ್ತೇನಿ."

ಎದೆ ಹಗುರಾಯಿತು. ಅಯ್ಯೋ, ಇಷ್ಟೇ ತಾನೇ! ಬ್ಯಾಗು ತೆರೆದು ಹಾಳೆಗಳ ಕಟ್ಟನ್ನು ನೆಲದ ಮೇಲೆ ಹರಡಿದೆ. ನಂಬರು ಏಳು. ಜುಲೈ, ತಪ್ಪು. ಆಗಸ್ಟು, ತಪ್ಪು, ತಪ್ಪು. ಮೊಬೈಲು ತೆಗೆದೆ, ಅದರಲ್ಲೂ ಅಳಿಸದೆ ಉಳಿದಿದ್ದವು ತಪ್ಪುಗಳೇ. ಮತ್ತೆ ಹಾಳೆಗೆ ಬಂದೆ. ಮೊದಲ ಎರಡು ಭೇಟಿಗಳ ಹಾಳೆಗಳು ಸಿಕ್ಕವು, ಅವುಗಳಲ್ಲಿ ಏಳರ ಎದುರು ಏನೂ ಇರಲಿಲ್ಲ. ತಾಯಿ ಒದ್ದೆ ಕೈ ಸೀರೆಗೆ ಒರೆಸಿಕೊಂಡು ಹತ್ತಿರ ಸರಿದು, ಓದು ಬಾರದಿದ್ದರೂ ನನ್ನ ಬೆರಳು ಹೋದಲ್ಲೆಲ್ಲ ನೋಡುತ್ತಿದ್ದಳು.

ಹುಡುಗಿ ಮೆಣಸಿನಕಾಯಿಯಿಂದ ತಲೆ ಎತ್ತಲಿಲ್ಲ. ಉಪ್ಪು ಎಲ್ಲಿಟ್ಟಿದೆ ಎಂದು ಹೇಳುವಷ್ಟು ಸಹಜವಾಗಿ ತಾಯಿಗೆ ಹೇಳಿದಳು:

"ಅದರಾಗ ಇರಂಗಿಲ್ಲಬೇ. ಖರೆ ಹೇಳಿದ್ರ ಅಕ್ಕೋರು ಬರ್ಕೊಳ್ಳಂಗಿಲ್ಲ. ಮೊದಲ್ನೇ ದಿನ ನಾ ಐದು ಹೇಳಿದ್ನಿ, ಎರಡನೇ ದಿನ ಆರು. ಒಂದೂ ಬರ್ಕೊಳ್ಳಿಲ್ಲ. ಅದಕ್ಕ ಸರ್‌ಗೆ ಹೇಳಿ ತಪ್ಪ ಹೇಳೂ ಕೆಲಸ ನಾನ ಇಸ್ಕೊಂಡ್ನಿ."

ತಾಯಿ ನನ್ನ ಕಡೆ ನೋಡಿದಳು. ನಾನು ಹಾಳೆ ತಿರುವುತ್ತಲೇ ಇದ್ದೆ.